ಗುಡ್ಡದಕೊಪ್ಪಲಿನ ಮೇಲೆ ಬಿದ್ದ ಚುಕ್ಕೆಗಳು

ಕ್ಯಾಮೆರಾದ ಬ್ಯಾಟರಿ ಉಬ್ಬಿಕೊಂಡು ಹೊರಗೆ ಬರದಂತಾದ ವಾರವೇ ಜಿಪಿಎಸ್ ಯಂತ್ರದ ಹಿಂದಿನ ಮುಚ್ಚಳವೂ ಮುರಿಯಿತು. ಸೆಲ್ಲು ಬೀಳದಂತೆ ಅದಕ್ಕೆ ರಬ್ಬರ್ ಬ್ಯಾಂಡು ಸುತ್ತಿಕೊಂಡು ಓಡಾಡತೊಡಗಿದೆ. ದೇವಲಾಪುರದ ಕಡೆಯ ಒಂದು ಸಣ್ಣ ಪಶು ಆಸ್ಪತ್ರೆಗೆ ನಾನು ವೈದ್ಯೆಯಾಗಿ ಬಂದು ಆಗ ಎರಡು ತಿಂಗಳೂ ಆಗಿರಲಿಲ್ಲ. ಊರುಗಳ ಹೆಸರೇ ಇನ್ನೂ ನಾಲಿಗೆಗೆ ಕೂತಿರಲಿಲ್ಲ. ಆ ಕಡೆ ಒಂದು ದೊಡ್ಡೂರು, ಅದರ ಸುತ್ತ ಕೊಪ್ಪಲುಗಳು, ಕೊಪ್ಪಲುಗಳ ನಡುವೆ ತೆಂಗಿನ ತೋಟಗಳು, ತೋಟದೊಳಗೆ ಅಲ್ಲೊಂದು ಇಲ್ಲೊಂದು ಮನೆ. ಯಾವ ಮನೆ ಯಾವ ಕೊಪ್ಪಲಿಗೆ ಸೇರಿದ್ದು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

ಸ್ಕೂಟರಿನ ಡಿಕ್ಕಿಯಲ್ಲಿ ನನ್ನ ಸಂಸಾರವೇ ಇತ್ತು. ಗಾಯದ ಫೋಟೋ ತೆಗೆಯಲು ಕ್ಯಾಮೆರಾ, ಜಾಗ ಗುರುತಿಸಲು ಜಿಪಿಎಸ್, ಮಾತಾಡಲು ಗುಂಡಿ ಒತ್ತುವ ಫೋನು, ಔಷಧದ ಪ್ರಮಾಣಕ್ಕೆ ಕ್ಯಾಲ್ಕುಲೇಟರು, ಕೊಟ್ಟಿಗೆಯ ಕತ್ತಲಿಗೆ ಟಾರ್ಚು. ಮನೆಯಲ್ಲಿ ಇವಕ್ಕೆಲ್ಲ ಬೇರೆ ಬೇರೆ ಚಾರ್ಜರು. ನಾಗಮಂಗಲದ ನಮ್ಮ ಬಾಡಿಗೆ ಮನೆಯ ಅಡಿಗೆಮನೆಯಲ್ಲಿ ಮಿಕ್ಸಿಗೆ ಪ್ಲಗ್ಗು ಸಿಗುತ್ತಿರಲಿಲ್ಲ. ನನ್ನ ಗಂಡ ಕೃಷ್ಣರಾಜಪೇಟೆಯ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಒಂದು ಸಂಜೆ ಬಸ್ಸಿಳಿದು ಬಂದವರು ಪೆಟ್ಟಿಗೆಯೊಂದನ್ನು ಚಟ್ನಿಯ ಜಾರಿನ ಪಕ್ಕ ಇಟ್ಟರು.

"ತಗೋ. ಎಲ್ಲಾ ಇದರೊಳಗೇ ಇದೆ. ನಾಳೆಯಿಂದ ನನ್ನ ಮಿಕ್ಸಿ ನನಗೆ ಬಿಡು."

ಟಚ್‌ಸ್ಕ್ರೀನ್ ಫೋನು. ಆಗಿನ್ನೂ ನಮ್ಮ ಕಡೆ ಅಂಥವು ಅಪರೂಪ. ಅಂಗೈ ಅಗಲದ್ದು, ದಪ್ಪಗೆ, ಹಿಂದಿನ ಮುಚ್ಚಳ ಉಗುರಲ್ಲಿ ಎಬ್ಬಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. ಅಂಗಡಿಯವನು ಇನ್ನೊಂದು ಬ್ಯಾಟರಿಯನ್ನೂ ಕೊಟ್ಟಿದ್ದ. ಬೇಗ ಮುಗೀತದೆ ಎಂದು ಅವನಿಗೇ ಗೊತ್ತಿತ್ತು.

ಮೊದಲ ದಿನಗಳಲ್ಲಿ ಆ ಫೋನು ನನ್ನನ್ನು ಆಡಿಸಿತು. ಯಾರಾದರೂ ಕರೆ ಮಾಡಿದರೆ ಕೆನ್ನೆ ತಾಗಿ ಮಾತು ಅರ್ಧಕ್ಕೆ ಕಡಿಯುತ್ತಿತ್ತು. ಹಳೆಯ ಫೋನಿನ ನಂಬರುಗಳನ್ನು ಒಳಗೆ ಸೇರಿಸಿದರೆ ಒಬ್ಬೊಬ್ಬರೂ ಮೂರು ಮೂರು ಸಲ ಬಂದು ಕೂತರು. ಕನ್ನಡದಲ್ಲಿ ಬಂದ ಮೆಸೇಜುಗಳು ಬರೀ ಚೌಕ ಚೌಕ. ನಮ್ಮ ತಂದೆ ಶ್ರೀರಂಗಪಟ್ಟಣದಿಂದ ಯಾರ ಕೈಲೋ ಬರೆಸಿ ಕಳಿಸಿದ ಮೆಸೇಜು ಚೌಕಗಳ ಸಾಲಾಗಿ ಬಂತು. ಗಾಬರಿಯಾಗಿ ಫೋನು ಮಾಡಿದರೆ, "ದೇವಸ್ಥಾನದ ಪುಳಿಯೋಗರೆ ಕಳಿಸಿದೀನಿ, ಬಸ್ಸಿನವನ ಹತ್ತಿರ ಇಸ್ಕೋ ಅಂದಿದ್ದೆ, ಅಷ್ಟೇ ಕಣಮ್ಮ" ಎಂದರು. ಅಷ್ಟು ಹೊತ್ತಿಗೆ ಬಸ್ಸು ಹೋಗಿಯಾಗಿತ್ತು.

ಆಸ್ಪತ್ರೆಯಲ್ಲಿ ನನ್ನ ಸಹಾಯಕ್ಕಿದ್ದ ಜಾನುವಾರು ಪರೀಕ್ಷಕರಿಗೆ ಮಾತ್ರ ಆ ಫೋನಿನ ಮೇಲೆ ಎಲ್ಲಿಲ್ಲದ ಪ್ರೀತಿ. ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ. ಬೆರಳನ್ನು ಪಂಚೆಗೆ ಒರೆಸಿಕೊಂಡು ಪರದೆ ಮುಟ್ಟುತ್ತಿದ್ದರು. "ಏನು ಸುಖ ನೋಡಿ ಮೇಡಂ! ಒಂದು ಜೇಬಲ್ಲಿ ಆಸ್ಪತ್ರೆ ಇಟ್ಕೊಂಡು ತಿರುಗ್ಬೋದು. ನೀವು ಹಳೇದನ್ನೆಲ್ಲ ಬಿಸಾಕಿ."

ಬಿಸಾಕಲಿಲ್ಲ. ಆದರೆ ತೆಗೆಯುವುದನ್ನೂ ನಿಲ್ಲಿಸಿದೆ.

*

ಕರೆ ಬಂದದ್ದು ಕೆರೆಕೊಪ್ಪಲಿನಿಂದ. ಊರುಗಳ ನಿಜವಾದ ಹೆಸರು ಬೇಡ, ಹೀಗೇ ಕರೆಯುತ್ತೇನೆ. ಹೆಂಗಸಿನ ದನಿ.

"ಡಾಕ್ಟ್ರಮ್ಮಾ, ನಮ್ಮ ಅಸ ನೆನ್ನೆಯಿಂದ ಮೇವು ಮುಟ್ಟಿಲ್ಲ. ಬಾಯಿಂದ ಅಗ್ಗದಂಗೆ ಜೊಲ್ಲು ಸುರೀತಾ ಅದೆ. ಕಾಲು ಬೇರೆ ಒದರ್ತದೆ, ಊರಾಕೇ ಆಯ್ತಿಲ್ಲ..."

ಕೆನ್ನೆ ತಾಗಿತು. ಕರೆ ಹೋಯಿತು. ಆದರೆ ಅಷ್ಟು ಸಾಕಾಗಿತ್ತು.

ಪರೀಕ್ಷಕರು ಲಸಿಕೆ ತರಲು ಮಂಡ್ಯಕ್ಕೆ ಹೋಗಿದ್ದರು. ಒಬ್ಬಳೇ ಹೊರಟೆ. ಕೊಟ್ಟಿಗೆಗೆ ಹೋಗಿ ಹಸುವಿನ ಬಾಯಿಗೆ ಕೈ ಹಾಕಿ ನಾಲಿಗೆ ಪಕ್ಕಕ್ಕೆ ಎಳೆದರೆ, ಅದರ ಮೇಲ್ಪದರ ಒದ್ದೆ ಕಾಗದದಂತೆ ನನ್ನ ಬೆರಳಿಗೆ ಅಂಟಿ ಬಂತು. ಗೊರಸಿನ ಸೀಳಿನಲ್ಲಿ ಒಡೆದ ಗುಳ್ಳೆಗಳು. ಮೈ ಕೆಂಡ. ಕಾಲುಬಾಯಿ ಜ್ವರದಲ್ಲಿ ಅನುಮಾನವೇ ಇರಲಿಲ್ಲ. ನಾಲಿಗೆಯ ಚೂರನ್ನು ಪರೀಕ್ಷೆಗೆಂದು ಸೀಸೆಗೆ ಹಾಕಿಕೊಂಡೆ. ಬಾಯಿಗೆ ಅಡಿಗೆ ಸೋಡಾ ಬೆರೆಸಿದ ನೀರು, ಗೊರಸಿಗೆ ಪರ್ಮಾಂಗನೇಟಿನ ನೇರಳೆ ನೀರು, ತಿನ್ನಲು ಗಂಜಿಯಂತೆ ತೆಳುವಾದ ರಾಗಿ ಅಂಬಲಿ ಎಂದು ಆ ಹೆಂಗಸಿಗೆ ತೋರಿಸಿಕೊಟ್ಟೆ. ಹೊರಗೆ ಬರುವಷ್ಟರಲ್ಲಿ ಇನ್ನೊಬ್ಬ ರೈತರು ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದರು. "ನಮ್ದೂ ಒಂದು ಇಂಗೇ ಆಗದೆ. ನನ್ನಿಂದೆ ಬನ್ನಿ ಮೇಡಂ."

ಅಲ್ಲಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು. ಆ ದಿನವೂ ಮರುದಿನವೂ ಯಾರದೋ ಬೈಕಿನ ಹಿಂದೆ ತೆಂಗಿನ ಮರಗಳ ನಡುವಿನ ಕಾಲುದಾರಿಗಳಲ್ಲಿ ಸ್ಕೂಟರು ಓಡಿಸಿದೆ. ಪ್ರತಿ ಮನೆಯಿಂದ ಹೊರಬಂದಾಗಲೂ ಬೂಟು, ಕೈ, ಚಕ್ರ ಎಲ್ಲವನ್ನೂ ವಾಷಿಂಗ್ ಸೋಡಾ ಕರಗಿಸಿದ ನೀರಲ್ಲಿ ತೊಳೆದುಕೊಳ್ಳಬೇಕು. ಇಲ್ಲದಿದ್ದರೆ ರೋಗ ಹರಡುವವಳು ನಾನೇ ಆಗುತ್ತೇನೆ.

ಫೋನು ಆಗ ನನ್ನನ್ನು ಬೆರಗುಗೊಳಿಸಿತು. ಹಳೆಯ ಜಿಪಿಎಸ್ ಯಂತ್ರ ಹಿಡಿದು ಬಯಲಲ್ಲಿ ಬೆವರುತ್ತ ನಿಲ್ಲಬೇಕಿತ್ತು. ತೆಂಗಿನ ಗರಿ ಅಡ್ಡ ಬಂದರೂ ಅದಕ್ಕೆ ಆಗದು. ಇದೋ, ಹಂಚಿನ ಕೊಟ್ಟಿಗೆಯೊಳಗೇ, ಕತ್ತಲಲ್ಲೇ, ಫೋಟೋ ತೆಗೆದ ಕೂಡಲೇ ಜಾಗವನ್ನೂ ಅದರ ಬೆನ್ನಿಗೆ ಅಂಟಿಸಿಬಿಡುತ್ತಿತ್ತು. ಹಿಂದೆಲ್ಲ ಫೋಟೋದ ನಂಬರು, ಊರು, ಯಜಮಾನರ ಹೆಸರು ಬರೆದುಕೊಳ್ಳುತ್ತಿದ್ದೆ. ಜೊಲ್ಲು ಮೆತ್ತಿದ ಕೈಯಲ್ಲಿ ಬರೆಯುವುದು ತಪ್ಪಿತಲ್ಲ ಎಂದು ನೆಮ್ಮದಿಯಾಯಿತು. ಪರದೆಯ ಮೇಲ್ಗಡೆ ನೆಟ್‌ವರ್ಕಿನ ಗುರುತು ಕಾಣಿಸಿಕೊಂಡಾಗ ಮರದ ಕೆಳಗೆ ನಿಂತು ಜಿಲ್ಲಾ ಕಚೇರಿಗೆ ಫೋಟೋಗಳನ್ನು ಕಳಿಸಿದೆ. ಹೊಲದಿಂದ ನೇರವಾಗಿ ಕಚೇರಿಗೆ! ನಡುವೆ ಬ್ಯಾಟರಿ ಸತ್ತಿತು, ಇನ್ನೊಂದನ್ನು ಹಾಕಿ ಮುಂದುವರಿಸಿದೆ.

ಸಂಜೆ ಮೇಲಧಿಕಾರಿಯವರ ಫೋನು ಬಂತು. ಒಳ್ಳೆಯ ಮನುಷ್ಯ, ಅವಸರದವರು.

"ಭೇಷ್ ಕಣಮ್ಮ. ನಿನ್ನ ಫೋಟೋಗಳನ್ನೆಲ್ಲ ಇಲ್ಲಿ ಮ್ಯಾಪಿನ ಮೇಲೆ ಕೂರಿಸಿದ್ದೀವಿ. ಕೆಂಪು ಚುಕ್ಕೆ ಒಂದರ ಮೇಲೊಂದು ಬಿದ್ದಿವೆ. ರೋಗದ ನಡುಮಧ್ಯ ಗುಡ್ಡದಕೊಪ್ಪಲು."

"ಸರ್, ಮೊದಲ ಕರೆ ಬಂದದ್ದು ಕೆರೆಕೊಪ್ಪಲಿಂದ."

"ಕರೆ ಎಲ್ಲಿಂದ ಬಂತು ಅನ್ನೋದಲ್ಲ, ದನ ಎಲ್ಲಿವೆ ಅನ್ನೋದು ಮುಖ್ಯ. ಆ ತೋಟಗಳೆಲ್ಲ ಗುಡ್ಡದಕೊಪ್ಪಲಿನವೇ ಇರಬೇಕು. ನೀನು ಹೊಸಬಳು."

ಇರಬಹುದೇನೋ ಎನ್ನಿಸಿತು. ಯಾರ ಬೈಕಿನ ಹಿಂದೆಯೋ ಹೋದವಳು ನಾನು. ಯಾವ ಬೇಲಿ ದಾಟಿದಾಗ ಯಾವ ಊರು ಬಂತು ಎಂದು ನನಗೆ ಹೇಗೆ ಗೊತ್ತು? ಆಕಾಶದಿಂದ ನೋಡುವ ಯಂತ್ರ ಒಂದು ಹೇಳುತ್ತಿದೆ, ತೋಟದೊಳಗೆ ದಿಕ್ಕು ತಪ್ಪುವ ನಾನು ಇನ್ನೊಂದು ಹೇಳುತ್ತಿದ್ದೇನೆ. ಆಗಲಿ ಸರ್ ಎಂದೆ.

ನಮ್ಮ ಕೆಲಸದ ಪದ್ಧತಿ ಹೀಗೆ. ರೋಗ ಬಿದ್ದ ಊರಿನ ದನಗಳಿಗೆ ಲಸಿಕೆ ಹಾಕುವುದಿಲ್ಲ. ಆ ಊರನ್ನು ಕಟ್ಟಿಹಾಕಿ, ಸುತ್ತಲಿನ ಆರೋಗ್ಯವಂತ ಊರುಗಳಿಗೆ ದೂರದಿಂದ ಹತ್ತಿರಕ್ಕೆ ಬಳೆಯಂತೆ ಲಸಿಕೆ ಹಾಕುತ್ತ ಬರಬೇಕು. ಅಪ್ಪಣೆಯೂ ಅದೇ ಆಯಿತು. ಗುಡ್ಡದಕೊಪ್ಪಲಿಗೆ ಸೂಜಿ ಬೇಡ, ಸುತ್ತಲ ಊರುಗಳಿಗೆ ಹಾಕಿ. ಆ ಸುತ್ತಲ ಊರುಗಳಲ್ಲಿ ಕೆರೆಕೊಪ್ಪಲೂ ಒಂದು.

*

ಮರುದಿನ ಬೆಳಿಗ್ಗೆ ಐಸ್‌ಬಾಕ್ಸು ಕಟ್ಟುತ್ತಿದ್ದಾಗ ಒಬ್ಬ ಹೆಂಗಸು ಆಸ್ಪತ್ರೆಯ ಮೆಟ್ಟಿಲಿಗೆ ಹಾಲಿನ ಕ್ಯಾನನ್ನು ಕುಕ್ಕಿದರು. ಕ್ಯಾನು ತುಂಬಿತ್ತು.

"ಯಾರವ್ವ ಡಾಕ್ಟ್ರಮ್ಮ? ನೀನೇಯಾ?"

"ಹೌದು, ಹೇಳಿ."

"ನಂದು ಗುಡ್ಡದಕೊಪ್ಲು. ನಮ್ಮೂರ್ಗೆ ರೋಗ ಬಂದ್ಬುಟ್ಟದೆ ಅಂತ ಡೈರೀಲಿ ಆಲು ಆಕುಸ್ಕೊಳ್ನಿಲ್ಲ. ಯಾರ್ ಮನೆ ದನುಕ್ಕೆ ಬಂದದೆ? ಏಳು. ಯಾರ್ ಮನೇದು?"

ಫೋನು ತೆಗೆದು ಪರದೆಯ ಮೇಲೆ ಬೆರಳಾಡಿಸಿದೆ. ನಾಲಿಗೆ, ಗೊರಸು, ಜೊಲ್ಲು. ಆಕೆ ಬಗ್ಗಿ ನೋಡಿದರು.

"ಇದು ನಮ್ಮೂರ್ದಲ್ಲ."

"ಬರೀ ನಾಲಿಗೆ ನೋಡಿ ಹೇಗೆ ಹೇಳ್ತೀರಿ?"

"ಬಂದು ನೋಡು ಅತ್ಲಾಗೆ. ಒಂದೊಂದು ದನದ ಬಾಯೂ ತೆಗ್ದು ತೋರುಸ್ತೀನಿ. ಒಂದ್ ಗುಳ್ಳೆ ಇದ್ರೆ ಈ ಆಲ್ನ ನಾನೇ ಚರಂಡಿಗೆ ಸುರೀತೀನಿ."

ಲಸಿಕೆ ಹಾಕಲು ಬಂದಿದ್ದ ತಂಡವನ್ನು ಕಾಯಲು ಹೇಳಿ ಆಕೆಯ ಹಿಂದೆ ಹೊರಟೆ. ಪರೀಕ್ಷಕರೂ ಬಂದರು. ಊರ ಬಾಗಿಲಿನ ಅರಳಿಕಟ್ಟೆಯ ಹತ್ತಿರ ನನ್ನ ಕಾಲು ನಿಂತಿತು. ಎರಡು ದಿನದಿಂದ ರೋಗದ ಕೊಟ್ಟಿಗೆಗಳಲ್ಲೇ ತಿರುಗಿದವಳು. ಎಷ್ಟು ತೊಳೆದುಕೊಂಡಿದ್ದರೂ, ಈ ಊರು ನಿಜವಾಗಿ ಚೊಕ್ಕಟವಾಗಿದ್ದರೆ, ನಾನೇ ಒಳಗೆ ಹೋಗಿ ಮ್ಯಾಪಿನ ಚುಕ್ಕೆಗಳನ್ನು ನಿಜ ಮಾಡಿಬಿಡಬಹುದು. ರೋಗದ ದನ ಮುಟ್ಟಿರದ ಪರೀಕ್ಷಕರನ್ನು ಹೊಸ ಬೂಟು ಹಾಕಿಸಿ ಒಳಗೆ ಕಳಿಸಿದೆ. ನಾನು ಕಟ್ಟೆಯ ಹತ್ತಿರ ಸ್ಕೂಟರಿಗೆ ಒರಗಿ ನಿಂತೆ.

ಅವರು ಬಹಳ ಹೊತ್ತು ಬರಲಿಲ್ಲ. ಬಂದಾಗ ತೋಳಿನವರೆಗೂ ಒದ್ದೆ.

"ಮೇಡಂ, ಒಂದಕ್ಕೂ ಏನೂ ಇಲ್ಲ. ಬಾಯಿ ಚಿನ್ನದಂಗವೆ. ಮೇವು ಕಿತ್ಕೊಂಡು ತಿಂತಾವೆ. ಒಂದು ಹೋರಿ ನನ್ನ ಕೈಯನ್ನೇ ನೆಕ್ಕಿಬಿಡ್ತು."

ಆಮೇಲಿನ ಒಂದು ಗಂಟೆ ನಾನು ಏನು ಮಾಡಿದೆ ಎಂದು ವಿವರಿಸುವುದು ಕಷ್ಟ. ಫೋನು ತೆಗೆದು, ನಿಂತ ಜಾಗ ಯಾವುದು ಎಂದು ಕೇಳಿದೆ. ಗುಡ್ಡದಕೊಪ್ಪಲು ಎಂದಿತು. ಸರಿಯಾಗಿಯೇ ಹೇಳಿತು! ಹಾಗಾದರೆ ತಪ್ಪು ನನ್ನದೇ? ಕೆರೆಕೊಪ್ಪಲಿನ ಕಡೆ ಸ್ಕೂಟರು ತಿರುಗಿಸಿದೆ. ಕೆರೆ ಏರಿಯ ಮೇಲೆ ನಿಲ್ಲಿಸಿ ಮತ್ತೆ ಕೇಳಿದೆ. ಎದುರಿಗೆ ನೀರು, ನೀರಿನಾಚೆ ಕೆರೆಕೊಪ್ಪಲಿನ ಮನೆಗಳು. ಫೋನು ಗುಡ್ಡದಕೊಪ್ಪಲು ಎಂದಿತು. ಮುಂದೆ ಹೋಗಿ ಕಾಲುವೆಯ ಪಕ್ಕದ ತೋಟದಲ್ಲಿ ಕೇಳಿದೆ. ಗುಡ್ಡದಕೊಪ್ಪಲು. ಡಿಕ್ಕಿಯ ತಳದಿಂದ ಹಳೆಯ ಜಿಪಿಎಸ್ ಎಳೆದು, ಟಾರ್ಚಿನ ಸೆಲ್ಲು ತೆಗೆದು ಅದಕ್ಕೆ ಹಾಕಿ, ಮುಚ್ಚಳವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಬಯಲಲ್ಲಿ ನಿಂತೆ. ಅದು ಎಂದಿನಂತೆ ಯೋಚಿಸಿ ಯೋಚಿಸಿ ಬೇರೆಯೇ ಅಂಕಿಗಳನ್ನು ತೋರಿಸಿತು. ಒಂದು ಕೈಯಲ್ಲಿ ಒಂದು, ಇನ್ನೊಂದು ಕೈಯಲ್ಲಿ ಇನ್ನೊಂದು. ಎರಡೂ ಉಪಗ್ರಹದ ಮಾತನ್ನೇ ಹೇಳುತ್ತಿವೆ ಎಂದು ನಾನು ತಿಳಿದಿದ್ದೆ. ಯಾವುದನ್ನು ನಂಬಲಿ?

ಗಂಡನಿಗೆ ಫೋನು ಮಾಡಿದೆ. ಅವರು ತರಗತಿಯಿಂದ ಹೊರಗೆ ಬಂದು ಕೇಳಿಸಿಕೊಂಡರು.

"ಅಲ್ಲೆಲ್ಲಾದರೂ ಟವರ್ ಇದೆಯಾ ನೋಡು."

ನೋಡಿದೆ. ಗುಡ್ಡದಕೊಪ್ಪಲಿಗೆ ಆ ಹೆಸರು ತಂದ ಗುಡ್ಡದ ನೆತ್ತಿಯಲ್ಲಿ ಕೆಂಪು ಬಿಳಿ ಬಣ್ಣದ ಮೊಬೈಲ್ ಟವರು ನಿಂತಿತ್ತು.

"ಅದರಲ್ಲಿ ಉಪಗ್ರಹ ಆಫ್ ಆಗಿದ್ದರೆ ಟವರ್ ಇರೋ ಜಾಗವನ್ನೇ ನೀನಿರೋ ಜಾಗ ಅಂತ ಹೇಳಿಬಿಡತ್ತಂತೆ ಕಣೆ. ಇಲ್ಲಿ ಕಂಪ್ಯೂಟರ್ ಲ್ಯಾಬಿನವರು ಹೇಳ್ತಿದ್ದಾರೆ. ಒಳಗೆಲ್ಲೋ ಅದನ್ನು ಬದಲಾಯಿಸಬೇಕಂತೆ."

"ಎಲ್ಲಿ ರೀ?"

"ಅದು ಅವರಿಗೂ ಗೊತ್ತಿಲ್ಲ."

ಕೊಟ್ಟಿಗೆಯ ಕತ್ತಲಲ್ಲೂ ಅದು ಅಷ್ಟು ಬೇಗ ಉತ್ತರ ಕೊಟ್ಟದ್ದು ಏಕೆಂದು ಆಗ ತಿಳಿಯಿತು.

ಹೋಗಲಿ, ಫೋಟೋ ತೆಗೆದ ಅನುಕ್ರಮವಾದರೂ ಇದೆಯಲ್ಲ, ನೆನಪು ಮಾಡಿಕೊಂಡು ಮನೆಗಳನ್ನು ಗುರುತಿಸೋಣ ಎಂದುಕೊಂಡೆ. ಅದೂ ಕೆಟ್ಟಿತ್ತು. ಬ್ಯಾಟರಿ ಬದಲಿಸಿದಾಗ ಫೋನಿನ ತಾರೀಖು ಹಿಂದಕ್ಕೆ ಓಡಿ, ಸ್ವಲ್ಪ ಹೊತ್ತಿನ ಮೇಲೆ ತಾನೇ ಸರಿಹೋಗಿತ್ತು. ನಡುವೆ ತೆಗೆದ ಫೋಟೋಗಳೆಲ್ಲ ನಾನಿನ್ನೂ ಸ್ಕೂಲಿಗೆ ಹೋಗುತ್ತಿದ್ದ ಕಾಲದ ತಾರೀಖು ಹೊತ್ತು ಸಾಲಿನ ಆ ತುದಿಗೆ ಹೋಗಿ ಕೂತಿದ್ದವು. ಜಾಗವೂ ಇಲ್ಲ, ಹೊತ್ತೂ ಇಲ್ಲ. ಬರೀ ನಾಲಿಗೆಗಳು.

ಆಸ್ಪತ್ರೆಯಲ್ಲಿ ಲಸಿಕೆಯ ತಂಡ ಕಾಯುತ್ತಿತ್ತು. ಐಸು ಕರಗುತ್ತಿತ್ತು. ಅಪ್ಪಣೆಯಂತೆ ಹೋದರೆ ಅವರು ಕೆರೆಕೊಪ್ಪಲಿನ ಕೊಟ್ಟಿಗೆಗಳಿಗೆ ನುಗ್ಗಿ, ಅದೇ ಕೈ, ಅದೇ ಬೂಟಿನಲ್ಲಿ ಮುಂದಿನ ಊರಿಗೆ ಹೋಗುತ್ತಾರೆ. ಹೋಗದಿದ್ದರೆ ಎಲ್ಲಿಗೆ ಹೋಗಬೇಕು ಎಂದು ನಾನು ಹೇಳಬೇಕು. ನನಗೆ ಗೊತ್ತಿರಲಿಲ್ಲ. ಕೆರೆ ಏರಿಗೆ ಹಿಂತಿರುಗಿ ಕಲ್ಲಿನ ಮೇಲೆ ಕೂತೆ. ಆಮೇಲೆ ಮೇಲಧಿಕಾರಿಯವರಿಗೆ ಫೋನು ಮಾಡಿದೆ, ಕೆನ್ನೆಯಿಂದ ದೂರ ಹಿಡಿದು.

"ಸರ್, ನಾನು ಕಳಿಸಿದ ಚುಕ್ಕೆಗಳನ್ನು ತೆಗೆದುಬಿಡಿ."

"ಯಾವುದನ್ನಮ್ಮ?"

"ಎಲ್ಲವನ್ನೂ."

"ಎಲ್ಲಾ ತೆಗೆದರೆ ಮ್ಯಾಪಲ್ಲಿ ಏನು ಉಳಿಯತ್ತೆ?"

"ಏನೂ ಉಳಿಯಲ್ಲ ಸರ್. ಇವತ್ತು ಲಸಿಕೆ ಹಾಕೋದು ಬೇಡ. ನಾಳೆ ಬೆಳಿಗ್ಗೆ ಎಲ್ಲಿಂದ ಶುರು ಮಾಡಬೇಕು ಅಂತ ನಾನೇ ಹೇಳ್ತೀನಿ."

ಕರೆ ಕಡಿಯಿತೇನೋ ಎಂದು ಪರದೆ ನೋಡಿದೆ. ಕಡಿದಿರಲಿಲ್ಲ.

"ಹೇಗೆ ಹೇಳ್ತೀಯಾ?" ಎಂದರು.

"ಇನ್ನೂ ಗೊತ್ತಿಲ್ಲ ಸರ್."

ಬೈದರು. ಆದರೆ ತಂಡವನ್ನು ನಿಲ್ಲಿಸಿದರು.

*

ಲಸಿಕೆಯನ್ನು ಫ್ರಿಜ್ಜಿಗೆ ಹಿಂತಿರುಗಿಸಿ ಪರೀಕ್ಷಕರೊಂದಿಗೆ ಟೀ ಕುಡಿಯುತ್ತಿದ್ದಾಗ ಗುಡ್ಡದಕೊಪ್ಪಲಿನ ಆ ಹೆಂಗಸಿನ ಮಾತು ನೆನಪಾಯಿತು. ನಾಲಿಗೆ ನೋಡಿಯೇ ಇದು ನಮ್ಮೂರಿನದಲ್ಲ ಎಂದಿದ್ದರಲ್ಲ. ಹಟಕ್ಕೆ ಹೇಳಿದ್ದೋ, ನಿಜಕ್ಕೂ ಗೊತ್ತಾಗಿತ್ತೋ?

ಆ ಕಡೆಯ ಹಾಲಿನ ಡೈರಿ ಇರುವುದು ದೊಡ್ಡೂರಿನಲ್ಲಿ. ಎರಡು ಕೊಪ್ಪಲಿನವರೂ ತೋಟದ ಮನೆಯವರೂ ಹೊತ್ತಿಗೆ ಸರಿಯಾಗಿ ಅಲ್ಲಿಗೇ ಬರುತ್ತಾರೆ. ಸಂಜೆ ನಾವಿಬ್ಬರೂ ಅಲ್ಲಿಗೆ ಹೋದೆವು. ಡೈರಿಯ ಕಾರ್ಯದರ್ಶಿಗೆ ವಿಷಯ ತಿಳಿಸಿ, ಬಾಗಿಲಿಗೆ ಸೋಡಾ ನೀರಲ್ಲಿ ಅದ್ದಿದ ಗೋಣಿಚೀಲ ಹಾಸಿಸಿ, ಕಾಲು ಒರೆಸಿಕೊಂಡವರನ್ನು ಮಾತ್ರ ಒಳಗೆ ಬಿಡಲು ಹೇಳಿದೆ. ಹಾಲು ಅಳೆಯುವ ಮೇಜಿನ ಮೂಲೆಯಲ್ಲಿ ಫೋನು ಹಿಡಿದು ನಿಂತೆ.

"ಈ ದನಗಳು ಯಾರ ಮನೆಯವು ಅಂತ ನನಗೆ ಹೇಳಬೇಕು," ಎಂದೆ. ಬೇರೆ ಪೀಠಿಕೆ ಹಾಕಲು ತೋಚಲಿಲ್ಲ.

ಮೊದಲು ಯಾರೂ ಹತ್ತಿರ ಬರಲಿಲ್ಲ. ಆಮೇಲೆ ಒಬ್ಬ ಯಜಮಾನರು ಕನ್ನಡಕ ಏರಿಸಿಕೊಂಡು ಬಗ್ಗಿದರು. "ಬರೀ ನಾಲ್ಗೆ ತೆಗ್ದಿದ್ದೀರಲ್ಲ ಮೇಡಂ. ಮೂತಿ ಕಂಡ್ರೆ ಏಳ್ಬೋದು, ನಾಲ್ಗೆ ಕಂಡು ಯಾರ್ ಏಳಾರು?"

ಅವರ ತೋಳಿನ ಕೆಳಗಿನಿಂದ ಒಬ್ಬ ಹೆಂಗಸು ತಲೆ ತೂರಿಸಿದರು. "ಅಯ್ಯೋ, ನಾಲ್ಗೆ ಯಾಕ್ ನೋಡೀರಿ, ಆ ಅಗ್ಗ ನೋಡಿ. ನೀಲಿ ಪ್ಲಾಸ್ಟಿಕ್ ಅಗ್ಗ. ಕಾಲುವೆ ತ್ವಾಟುದ್ದು ಅದು."

"ಊ ಕಣಕ್ಕ, ಇಂದೆ ಕಲ್ಬಾನಿ ಅದೆ ನೋಡು, ಅಂಚು ಒಡ್ದಿರೋದು. ಅವುರ್ದೇಯಾ," ಎಂದರು ಇನ್ನೊಬ್ಬರು.

ಅಷ್ಟೇ. ಡೈರಿಯೊಳಗೆ ಜಾತ್ರೆ ಆಯಿತು. ಹಾಲು ಅಳೆಯುವುದೇ ನಿಂತುಹೋಯಿತು. ನಾನು ಫೋಟೋ ತೆಗೆದದ್ದು ರೋಗದ್ದು. ಅವರು ನೋಡಿದ್ದು ಅದರ ಹಿಂದೆ ಮುಂದೆ ಬಿದ್ದಿದ್ದನ್ನು. ಬಾಯಿ ಹಿಡಿದ ಕೈ, ಕೈಯ ಬಳೆ, ಗೂಟ, ಮೂಲೆಯಲ್ಲಿ ಒರಗಿಸಿದ ಸೈಕಲ್ಲು. ಎರಡು ಸಲ ಫೋಟೋಗಳ ನಡುವೆ ಜಿಲ್ಲಾ ಕಚೇರಿಯ ಕರೆ ನುಗ್ಗಿತು. ಒಬ್ಬರ ಬೆರಳು ಎಲ್ಲಿಗೋ ತಾಗಿ ಪರದೆಯಲ್ಲಿ ಕ್ಯಾಲ್ಕುಲೇಟರು ಬಂತು. ಇನ್ನೊಬ್ಬರದು ತಾಗಿ ಸಿನಿಮಾ ಹಾಡು ಶುರುವಾಗಿ, ಅದನ್ನು ನಿಲ್ಲಿಸುವುದು ನನಗೂ ಗೊತ್ತಾಗದೆ ಪರೀಕ್ಷಕರು ಬ್ಯಾಟರಿಯನ್ನೇ ಕಿತ್ತರು. ತಾರೀಖು ಮತ್ತೆ ಹಿಂದಕ್ಕೆ ಓಡಿತು. ಈಗ ಓಡಿದರೆ ಓಡಲಿ ಎನ್ನಿಸಿತು.

ಹೆಸರು ಸಿಕ್ಕ ಹಾಗೆಲ್ಲ ಪರೀಕ್ಷಕರು ಸೀಮೆಸುಣ್ಣದಲ್ಲಿ ಡೈರಿಯ ನೆಲದ ಮೇಲೆ ಕೆರೆ, ಕಾಲುವೆ, ದಾರಿ ಬರೆದು ಮನೆಗಳನ್ನು ಗುರುತು ಮಾಡುತ್ತ ಹೋದರು. ಜನ ಅದನ್ನು ತುಳಿಯದಂತೆ ಹಿಂದೆ ಸರಿದು ನಿಂತರು. ಗುರುತುಗಳೆಲ್ಲ ಕೆರೆಯ ಸುತ್ತ, ಕಾಲುವೆಯ ಗುಂಟ ಬಿದ್ದವು. ಕೆರೆಗೆ ನೀರಿಗೆ ಹೋಗುವ ದನಗಳೇ ಎಲ್ಲ. ಗುಡ್ಡದಕೊಪ್ಪಲಿನ ದನಗಳು ಇಳಿಜಾರಿಳಿದು ಕೆರೆಗೆ ಬರುವುದಿಲ್ಲ, ತಮ್ಮೂರ ಬೋರಿನ ತೊಟ್ಟಿಯಲ್ಲೇ ಕುಡಿಯುತ್ತವೆ. ಅಲ್ಲಿ ಒಂದು ಗುರುತೂ ಬೀಳಲಿಲ್ಲ.

ಒಂದೇ ಒಂದು ಫೋಟೋ ಉಳಿಯಿತು. ಕತ್ತಲ ಕೊಟ್ಟಿಗೆ, ಮಲಗಿದ ಕಪ್ಪು ಬಿಳಿ ಹಸು, ಹಿಂದೆ ಮಣ್ಣಿನ ಗೋಡೆ. ಫೋನು ಕೈಯಿಂದ ಕೈಗೆ ಹೋಯಿತು. ಕೆಲವರು ನೋಡಿದರು, ಗೊತ್ತಾಯಿತೆಂದು ಮುಖದಲ್ಲಿ ಕಂಡಿತು, ಆದರೆ ಮಾತಾಡದೆ ಪಕ್ಕದವರಿಗೆ ಕೊಟ್ಟರು. ಕೊನೆಗೆ ಅದು ಬಾಗಿಲ ಬಳಿ ಕ್ಯಾನು ಹಿಡಿದು ನಿಂತಿದ್ದ ಒಬ್ಬ ಎತ್ತರದ ರೈತರ ಕೈಗೆ ಬಂತು. ಅವರು ಕ್ಯಾನನ್ನು ಕೆಳಗಿಟ್ಟು ನೋಡಿದರು.

"ಈ ಗೋಡೆ ನಂದು," ಎಂದರು.

ಪರೀಕ್ಷಕರು ಸೀಮೆಸುಣ್ಣ ಹಿಡಿದು ತಲೆಯೆತ್ತಿದರು.

"ನಾನ್ ಕಟ್ಸಿದ್ದು. ಭಾಗ ಆದಾಗ." ಫೋನನ್ನು ನನಗೆ ಕೊಟ್ಟರು. "ಅಸ ನಮ್ಮ ತಮ್ಮುಂದು. ಗೋಡೆ ಈಚ್ಗೆ ನಾನು ದಿನಾ ಆಲು ಕರೀತೀನಿ. ಆಚ್ಗೆ ಅದು ಇಂಗ್ ಮಲ್ಗದೆ ಅಂತ ನಂಗೊತ್ತಿಲ್ಲ."

ಪರೀಕ್ಷಕರು ನನ್ನ ಕಿವಿಯ ಬಳಿ ಹೇಳಿದರು: ಅಣ್ಣ ತಮ್ಮ ಮಾತು ಬಿಟ್ಟು ವರ್ಷಗಳಾಗಿವೆ, ಮದುವೆ ಮನೆಯಲ್ಲೂ ಒಂದೇ ಪಂಕ್ತಿಯಲ್ಲಿ ಕೂರುವುದಿಲ್ಲ.

ನನ್ನ ತಲೆಯಲ್ಲಿದ್ದದ್ದು ಬೇರೆ. "ಗೋಡೆ ಎಲ್ಲಿಯವರೆಗೆ ಇದೆ? ನೀರಿನ ಬಾನಿ ಬೇರೆ ಬೇರೆಯೋ?"

"ಒಂದೇಯಾ. ಕಲ್ಬಾನಿ ಒಡ್ಯಾಕಾಯ್ತದಾ? ಗೋಡೆ ಅದ್ರ ಮ್ಯಾಲೆ ಬಂದದೆ. ಅರ್ಧ ಅವುಂದು, ಅರ್ಧ ನಂದು."

"ನಿಮ್ಮ ದನ?"

"ಒಂದು ಗಬ್ಬ. ಇವತ್ತೋ ನಾಳೆಯೋ ಅನ್ನಂಗದೆ."

ಕ್ಯಾನನ್ನು ಅಲ್ಲೇ ಬಿಟ್ಟು ಅವರು ಹೊರಟುಹೋದರು. ಸಂಜೆ ಬೆಳಕು ಇನ್ನೂ ಇತ್ತು. ನಾನೂ ಹಿಂದೆಯೇ ಹೋದೆ. ಹೊತ್ತು ಮೀರಿತ್ತು. ಗಬ್ಬದ ಹಸುವಿನ ಬಾಯಿಂದ ಆಗಲೇ ನೂಲಿನಂತೆ ಜೊಲ್ಲು ಇಳಿಯುತ್ತಿತ್ತು.

*

ಮರುದಿನದಿಂದ ಡೈರಿಯ ನೆಲದ ಮೇಲಿನ ಸುಣ್ಣದ ಗೆರೆಗಳಂತೆಯೇ ಕೆಲಸ ನಡೆಯಿತು. ಮೊದಲು ದೂರದ ಊರುಗಳು, ಆಮೇಲೆ ಗುಡ್ಡದಕೊಪ್ಪಲು. ಕೆರೆಯ ಸುತ್ತಲಿನ ಮನೆಗಳಿಗೆ ನಾನೊಬ್ಬಳೇ, ಲಸಿಕೆಯಲ್ಲ, ಬರೀ ಔಷಧ. ಕೆರೆಗೆ ದನ ಬಿಡುವುದನ್ನು ನಿಲ್ಲಿಸಿದರು. ಕೆರೆಕೊಪ್ಪಲಿನ ಕ್ಯಾನುಗಳನ್ನು ಊರಾಚೆಯೇ ಬೇರೆ ತುಂಬಿಸಿಕೊಂಡು ಹೋಗುವ ಏರ್ಪಾಡಾಯಿತು.

ಗುಡ್ಡದಕೊಪ್ಪಲಿನವರು ಮೊದಲು ಸೂಜಿ ಹಾಕಿಸಿಕೊಳ್ಳಲು ಒಪ್ಪಲಿಲ್ಲ. ಅದೇ ಹೆಂಗಸು ಊರ ಬಾಗಿಲಲ್ಲಿ ತಂಡವನ್ನು ತಡೆದರು. "ರೋಗ ಇಲ್ದಿದ್ಮ್ಯಾಲೆ ಆಲ್ಯಾಕೆ ಬ್ಯಾಡ ಅಂದ್ರಿ? ಮದ್ಲು ಆಲು ಆಕುಸ್ಕೊಳ್ಳಿ. ಆಮ್ಯಾಕೆ ಸೂಜಿ ಮಾತು." ನಾನು ಡೈರಿಗೆ ಹೋಗಿ ಕಾರ್ಯದರ್ಶಿಯ ಪಕ್ಕದಲ್ಲಿ ನಿಂತು, ಆ ಊರಿನ ಒಬ್ಬೊಬ್ಬರೂ ಕ್ಯಾನು ಎತ್ತಿ ಸುರಿಯುವವರೆಗೂ ಅಲ್ಲೇ ಇದ್ದೆ. ಆಕೆ ಕೊನೆಯವರು. ಸುರಿದು, ಕ್ಯಾನನ್ನು ತಲೆಕೆಳಗು ಮಾಡಿ ಕೊನೆಯ ಹನಿಯನ್ನೂ ಬೀಳಿಸಿ, ನನ್ನ ಕಡೆ ನೋಡಿ, "ಬಾ ಈಗ, ಕಾಫಿ ಕುಡ್ದು ಸೂಜಿ ಚುಚ್ಚುವಂತೆ," ಎಂದರು. ನಾನು ಊರೊಳಗೆ ಬರುವಂತಿಲ್ಲ ಎಂದು ಮತ್ತೆ ವಿವರಿಸಬೇಕಾಯಿತು. ಕಾಫಿ ಲೋಟ ಅರಳಿಕಟ್ಟೆಗೇ ಬಂತು.

ಆ ಊರಿಗೆ ರೋಗ ಬರಲಿಲ್ಲ. ಕೆರೆಕೊಪ್ಪಲಿನಲ್ಲಿ ದೊಡ್ಡ ದನಗಳು ಬಹುಪಾಲು ಎದ್ದು ನಿಂತವು, ಎಳೆಗರುಗಳು ಕೆಲವು ಉಳಿಯಲಿಲ್ಲ. ಕುಣಿಯುತ್ತಿದ್ದ ಕರು ನಿಂತ ಹಾಗೇ ಕುಸಿದು ಹೋಗುವುದನ್ನು ನೋಡಿದ ಮೇಲೆ ಯಾವ ಯಂತ್ರದ ಮೇಲಿನ ಸಿಟ್ಟೂ ಚಿಕ್ಕದಾಗಿ ಕಾಣುತ್ತದೆ. ಮೊದಲ ದಿನವೇ ಸರಿಯಾದ ಊರನ್ನು ಕಟ್ಟಿಹಾಕಿದ್ದರೆ ಇವುಗಳಲ್ಲಿ ಎಷ್ಟು ಬದುಕುತ್ತಿದ್ದವು ಎಂದು ಯೋಚಿಸಿದ್ದೇನೆ. ಒಂದೂ ಉಳಿಯುತ್ತಿರಲಿಲ್ಲವೇನೋ. ಫೋನನ್ನು ಬಿಡಲೂ ಇಲ್ಲ. ಒಳಗೆಲ್ಲೋ ಇದ್ದ ಆ ಗುಂಡಿಯನ್ನು ಪರೀಕ್ಷಕರೇ ಹುಡುಕಿ ಬದಲಿಸಿಕೊಟ್ಟರು. ಬದಲಾದದ್ದು ಅದೊಂದೇನೋ, ಜೊತೆಗೆ ಇನ್ನೇನೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಅಣ್ಣತಮ್ಮಂದಿರ ಕೊಟ್ಟಿಗೆಗೆ ದಿನವೂ ಹೋಗುತ್ತಿದ್ದೆ. ಅಣ್ಣನ ಹಸು ಕರು ಹಾಕಿತು. ಕರು ಉಳಿಯಲಿಲ್ಲ. ಹಸು ಮಲಗಿದ್ದು ಏಳಲಿಲ್ಲ. ಅಷ್ಟು ದೊಡ್ಡ ದನದ ಬಾಯನ್ನು ಒಬ್ಬರೇ ತೆರೆದು ತೊಳೆಯಲಾಗದು. ಅಣ್ಣನ ಮನೆಯಲ್ಲಿ ಬೇರೆ ಗಂಡಾಳು ಇರಲಿಲ್ಲ. ಮೊದಲ ದಿನ ನಾನೂ ಅವರೂ ಹೆಣಗಾಡಿ ಸೋತೆವು. ಎರಡನೆಯ ದಿನ ನಾವು ಕೊಟ್ಟಿಗೆಗೆ ಹೋಗುವಷ್ಟರಲ್ಲಿ ಆ ತಮ್ಮನೇ ಗೋಡೆಯ ಈ ಬದಿಗೆ ಬಂದು, ಹಸುವಿನ ತಲೆಯ ಬಳಿ ಕುಕ್ಕರುಗಾಲಲ್ಲಿ ಕೂತಿದ್ದರು. ತಮ್ಮನ ಹಸು ಆಗಲೇ ಚೇತರಿಸಿಕೊಂಡಿತ್ತು. ಅಣ್ಣ ಬಾಗಿಲಲ್ಲೇ ನಿಂತರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಏನವ್ವ," ಎಂದರು ತಮ್ಮ, ಮಲಗಿದ್ದ ಹಸುವಿನ ಕತ್ತು ಸವರುತ್ತ, "ನಿಮ್ಮ ಯಜಮಾನಂಗೆ ಏಳು, ನೀರು ಬೆಚ್ಚುಗ್ ಮಾಡ್ಕೊಂಡ್ ಬಾ ಅಂತ. ತಣ್ಣೀರಲ್ಲಿ ತೊಳುದ್ರೆ ಉರೀತದೆ."

ಅಣ್ಣ ಒಳಗೆ ಹೋಗಿ ಬಿಸಿನೀರು ತಂದರು. ನಾನು ಸೋಡಾ ಬೆರೆಸಿದೆ.

"ಅವ್ವ, ಅವುಂಗೇಳು," ಎಂದರು ಅಣ್ಣ, ಅದೇ ಹಸುವಿಗೆ, "ದವಡೆ ಇಂಗ್ ಇಡೀಬೇಕು, ಅಂಗಲ್ಲ."

ಹೀಗೆ ಹಸುವಿನ ಮೂಲಕ ಮಾತು ನಡೆಯಿತು. ಬಕೆಟ್ಟು ಹತ್ತಿರ ತರಲು, ಬೆಳಕಿಗೆ ತಿರುಗಿಸಲು, ಅಂಬಲಿ ಆರಿದೆಯೋ ನೋಡಲು. ನಾನು ಒಂದು ಕೈಯಲ್ಲಿ ನಾಲಿಗೆ ಹಿಡಿದಿದ್ದೆ. ತಮ್ಮನೇ ಹುಣ್ಣಿಗೆಂದು ತಂದಿದ್ದ ಜೇನನ್ನು ನಾಲ್ಕು ಬೆರಳಿಗೆ ಸವರಿಕೊಂಡು ಹಸುವಿನ ಬಾಯೊಳಗೆ ಆಳಕ್ಕೆ ಕೈ ಹಾಕಿದರು. ಅಲ್ಲಿಯವರೆಗೂ ಕಲ್ಲಿನಂತೆ ಬಿದ್ದಿದ್ದ ಹಸು ಸಿಹಿ ತಾಗಿದ್ದೇ ತಲೆ ಒದರಿ ದವಡೆ ಮುಚ್ಚಿತು.

"ಲೇ, ಕೈ ಎಳ್ಕಳ್ಳೋ, ಅಗ್ದುಬುಡ್ತದೆ!"

ಅಣ್ಣ ಕೂಗಿದ್ದು ಹಸುವಿಗಲ್ಲ. ತಮ್ಮ ತಟ್ಟನೆ ಕೈ ಎಳೆದುಕೊಂಡರು. ಹಸು ಎರಡು ಸಲ ಬಾಯಾಡಿಸಿ, ಜೇನು ನುಂಗಿ, ಅಂಬಲಿಯ ಬಕೆಟ್ಟಿನ ಕಡೆ ಮೂತಿ ಚಾಚಿತು. ಬಕೆಟ್ಟನ್ನು ಒಂದು ಕಡೆಯಿಂದ ಅಣ್ಣ, ಇನ್ನೊಂದು ಕಡೆಯಿಂದ ತಮ್ಮ ಹಿಡಿದು ಎತ್ತಿಕೊಟ್ಟರು.